ಮೊಣಕಾಲಿನ ಮುಷ್ಕರ

ಬೆಟ್ಟಮ್ಮ ನೀರು ಕುಡಿಯಲು ಹೊಲಿಗೆ ಮಷೀನಿನಿಂದ ಎರಡನೇ ಸಲ ಎದ್ದುದೇ ತಪ್ಪಾಯಿತು. ಸೂಪರ್‌ವೈಸರ್ ನಾಳೆಯಿಂದ ಬರಬೇಡ ಎಂದ. ಮರುದಿನ ಬೆಳಗ್ಗೆ ಮದ್ದೂರಿನ ಆ ಗಾರ್ಮೆಂಟ್ಸಿನ ಇನ್ನೂರು ಹೆಂಗಸರು ಗೇಟಿನ ಮುಂದೆ ಧರಣಿ ಕೂತರು.

ಅವರನ್ನು ಒಳಗೆ ಕರೆತರುವುದು ಸುಹೇಲನ ಕೆಲಸ. ಮಂಡ್ಯದ ಗುತ್ತಲಿನ ಹುಡುಗ; ಆರು ವರ್ಷ ಬೆಂಗಳೂರಿನ ಕ್ಲಬ್ಬೊಂದಕ್ಕೆ ಸಂಬಳಕ್ಕೆ ಫುಟ್‌ಬಾಲ್ ಆಡಿದ್ದ. ಬಲ ಮೊಣಕಾಲು ಕೈಕೊಟ್ಟ ಮೇಲೆ ಇಲ್ಲಿ ಕಾರ್ಮಿಕ ಸಂಬಂಧದ ಅಧಿಕಾರಿಯಾಗಿದ್ದ. ಆಟ ಆಡಿದ್ದು ಎಲ್ಲರಿಗೂ ಗೊತ್ತಿತ್ತು; ಮೊಣಕಾಲಿನ ಸಂಗತಿ ಮಾತ್ರ ಯಾರಿಗೂ ಹೇಳಿರಲಿಲ್ಲ.

"ಊಟದ ಹೊತ್ತಿಗೆ ಅವರು ಒಳಗಿರಬೇಕು. ಇಲ್ಲಾಂದ್ರೆ ನೀವೂ ಹೊರಗೇ ಇದ್ದುಬಿಡಿ," ಎಂದ ಮ್ಯಾನೇಜರ್ ಯತೀಶ್.

ಸುಹೇಲ್ ಗೇಟಿಗೆ ಬಂದು ನಿಂತು ಮಾತಾಡಿದ. ಯಾರೂ ತಲೆ ಎತ್ತಲಿಲ್ಲ.

"ಕತ್ತು ನೋಯ್ತದೆ ಸಾ, ಕೂತ್ಕಂಡು ಮಾತಾಡಿ," ಎಂದಳು ಹೆಂಗಸರ ಮುಂದಾಳು ಶೋಭಿತಾ.

ಕೂತ. ಮೊಣಕಾಲು ತುಕ್ಕು ಹಿಡಿದ ಚಿಲಕದ ಹಾಗೆ ಟಕ್ಕೆಂದು ಸಿಕ್ಕಿಕೊಂಡಿತು. ಏಳಲು ನೋಡಿದ, ಆಗಲಿಲ್ಲ. ನೋವಿಗೆ ಕಣ್ಣಲ್ಲಿ ನೀರು ಬಂತು.

"ಸಾಹೇಬ್ರು ನಮ್ಗೋಸ್ಕರ ಅಳ್ತಾವ್ರೆ ಕಣ್ರೇ," ಎಂದು ಗುಂಪಿನಲ್ಲೊಬ್ಬಳು ಕೂಗಿದಳು.

"ಇಲ್ಲಮ್ಮ, ಕಾಲು..."

"ಕಾಲಿಗೆ ಬೀಳದೊಂದು ಬ್ಯಾಡ ಬುಡಿ ಸಾ."

ಯಾರೋ ಮೊಬೈಲಿನಲ್ಲಿ ಫೋಟೊ ಹಿಡಿದು 'ಅಧಿಕಾರಿಯೂ ಧರಣಿಯಲ್ಲಿ' ಎಂದು ಬರೆದು ಹಾಕಿದರು. ಅದು ಮಳವಳ್ಳಿ, ಮಂಡ್ಯ ಎಲ್ಲ ಸುತ್ತಿ ಹನ್ನೊಂದಕ್ಕೆ ಬೆಂಗಳೂರಿನ ಮಾಲೀಕರನ್ನು ಮುಟ್ಟಿತು.

ಬೆಟ್ಟಮ್ಮ ಮಾತ್ರ ಅವನ ಕಾಲು ನೋಡಿದಳು. ಹತ್ತಿರ ಸರಿದು, ಸೆರಗಿನ ಮರೆಯಲ್ಲಿ ಮೆಲ್ಲಗೆ ನೀವತೊಡಗಿದಳು.

"ಆಟದಾಗೆ ಆಗಿದ್ದಾ ಮಗಾ?"

"ಹೂಂ ಕಣಮ್ಮ."

"ಮನೇಲಿ ಯೇಳಿದ್ಯಾ?"

"ಇಲ್ಲ."

"ನಾನೂ ಕೆಲ್ಸ ಓಗಿದ್ದ ಯೇಳಿಲ್ಲ. ದಿನಾ ಬರಂಗೇ ಬುತ್ತಿ ಕಟ್ಕಂಡು ಬಂದೆ."

ಮೊಣಕಾಲಿನ ಚಿಲಕ ಸಡಿಲವಾಗಲು ಅರ್ಧ ಗಂಟೆ ಹಿಡಿಯಿತು.

ಅಷ್ಟರಲ್ಲಿ ಯತೀಶ್ ಇಳಿದು ಬಂದ. ಫೋಟೊಗೆ ಹೆದರಿದ ಮಾಲೀಕರು ಬೆಟ್ಟಮ್ಮನನ್ನು ವಾಪಸು ತೆಗೆದುಕೊಳ್ಳಲು ಒಪ್ಪಿದ್ದರು. ಸುಹೇಲ್ ಕೂತಲ್ಲೇ ಕರಾರು ಬರೆದ: ಬೆಟ್ಟಮ್ಮನಿಗೆ ಕೆಲಸ, ಬದಲಿಗೆ ಒಂದು ವರ್ಷ, ಯಾರನ್ನೇ ತೆಗೆದರೂ, ಧರಣಿ ಇಲ್ಲ. ಎರಡೂ ಕಡೆಯವರು ಸಹಿ ಹಾಕಿದರು. ಮೈದಾನದಲ್ಲೂ ಅವನು ಇಷ್ಟು ಅಚ್ಚುಕಟ್ಟಾದ ಪಾಸು ಕೊಟ್ಟಿರಲಿಲ್ಲ.

ಊಟದ ಹೊತ್ತಿಗೆ ಇನ್ನೂರು ಜನವೂ ಒಳಗಿದ್ದರು. ಯತೀಶ್ ಇನ್ನೊಂದು ಕಾಗದ ಚಾಚಿದ. ಧರಣಿಯಲ್ಲಿ ಕೂತದ್ದಕ್ಕೆ ಸುಹೇಲನನ್ನು ತೆಗೆದಿದ್ದರು.

"ಸಾರ್, ನಾನು ಧರಣಿ ಕೂರಲಿಲ್ಲ. ಮೊಣಕಾಲು ಸಿಕ್ಕಿಕೊಂಡಿತ್ತು."

"ಫುಟ್‌ಬಾಲ್ ಆಡಿದೋರ ಕಾಲು ಕೂತರೆ ಏಳಲ್ಲ ಅಂದ್ರೆ ಯಾರು ನಂಬ್ತಾರ್ರೀ?"

ಗೇಟಿನ ತನಕ ಶೋಭಿತಾ ಓಡಿ ಬಂದಳು. ಕಣ್ಣು ಒದ್ದೆಯಾಗಿತ್ತು.

"ನಿಮ್ಗೋಸ್ಕರ ಈಗ್ಲೇ ಎಲ್ರೂ ಕೂತ್ಕತಿದ್ವಿ ಸಾ. ಏನ್ ಮಾಡದು, ಒಂದು ವರ್ಸ ಕೂರಂಗಿಲ್ಲ ಅಂತ ನೀವೇ ಬರ್ಸ್ಕಂಡ್ರಲ್ಲ."

ಸುಹೇಲ್ ಕರಾರನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡ. ಬಲು ಗಟ್ಟಿಯಾಗಿ ಬರೆದಿದ್ದ; ಎಲ್ಲೂ ಒಂದು ಸಂದು ಬಿಟ್ಟಿರಲಿಲ್ಲ.