ಸುಮ್ನೆ ನಿಂತು ನೋಡೋ ಪಾರ್ಟು

ಹೊಲಿಗೆ ಮಿಷನ್ ಮುಂದೆ ಕೂತೋಳು ನಗು ಹುಡುಕ್ಕೊಂಡು ಹೋಗೋದೇ ಬ್ಯಾಡ ರೀ, ಅದೇ ಅಳತೆ ಬ್ಲೌಸ್ ಹಿಡ್ಕೊಂಡು ಅಂಗಡಿಗೆ ಬರ್ತೈತೆ. ಚನ್ನಗಿರಿ ಬಸ್ ಸ್ಟ್ಯಾಂಡ್ ಹಿಂದಿನ ಓಣೀಲಿ ಮೂವತ್ತು ವರ್ಷದಿಂದ ನೋಡ್ತಾ ಇದೀನಿ. ಆದ್ರೆ ಟೀವಿಯೋರು ಬಂದಿದ್ದ ಆ ಮೂರು ದಿನ ನೆನೆಸ್ಕೊಂಡ್ರೆ ಇವತ್ತಿಗೂ ಸೂಜಿಗೆ ದಾರ ಪೋಣಿಸಾಕೆ ಆಗಲ್ಲ.

ನಿಜವಾಗಿ ನಡೆದದ್ದು ಅಂತ ಅಪರಾಧದ ಕಥೆ ತೋರಿಸ್ತಾರಲ್ಲ, ಅಂಥದ್ರ ಶೂಟಿಂಗು. ಗಂಡ ಹೆಂಡ್ತೀನ ವರ್ಷಗಟ್ಟಲೆ ಹೊಡೀತಾನೆ, ಅಕ್ಕಪಕ್ಕದೋರು ಸುಮ್ನಿರ್ತಾರೆ, ಕೊನೆಗೆ ಆಕೆ ಜೀವಾನೇ ಹೋಗ್ತೈತೆ. ನಮ್ಮ ಓಣೀನೇ ಯಾಕೆ ಅಂತ ಕೇಳಿದ್ರೆ ಬೆಂಗ್ಳೂರಿನ ಡೈರೆಕ್ಟರು, "ಮನೆಗಳು ಅಂಟ್ಕೊಂಡೇ ಇವೆಯಲ್ಲಮ್ಮ, ಒಂದ್ಮನೇಲಿ ಕೆಮ್ಮಿದ್ರೂ ಇನ್ನೊಂದು ಮನೆಗೆ ಕೇಳುತ್ತೆ" ಅಂದ.

ಅದೇನು ನಮಗೆ ಹೊಸಾ ವಿಷ್ಯ ಅಲ್ಲ.

೧. ಹರಿದ ತೋಳು

ಮೊದಲ್ನೇ ದಿನ ಡೈರೆಕ್ಟರು ಹೊಸಾ ಬ್ಲೌಸ್ ತಂದು, "ಗಂಡ ಎಳೆದು ಹರಿದ ಹಾಗೆ ಮಾಡಿಕೊಡಿ" ಅಂದ. ಅದೇನ್ಮಹಾ ಅಂತ ಅರ್ಧ ಗಂಟೇಲಿ ಮಾಡಿ ಕೊಟ್ಟೆ. ಆತ ತಿರುಗಿಸಿ ಮುರುಗಿಸಿ ನೋಡಿ ತಲೆ ಮೇಲೆ ಕೈ ಹೊತ್ಕೊಂಡ.

"ಅಮ್ಮಾ, ಯಾವ ಗಂಡ ಅಂಚು ಮಡಚಿ ಹೊಲಿದು ಹರೀತಾನೆ?"

ನೋಡಿದ್ರೆ ಹೌದು ಮತ್ತೆ. ಹರಿದ ಕಡೆಗೆಲ್ಲ ನೀಟಾಗಿ ಹೆಮ್ಮಿಂಗ್ ಮಾಡಿಬಿಟ್ಟಿದ್ದೆ. ಕೈ ಬುದ್ಧಿ, ಏನ್ಮಾಡ್ಲಿ?

ನನ್ನ ಹತ್ರ ಹುಕ್ಕು, ಕಾಜಾ ಮಾಡಾಕೆ ಬರೋ ಎದುರುಮನೆ ಹುಡುಗಿ ಅಲ್ಲೇ ಕೂತಿದ್ಲು. ಟೆಂಪೋ ಓಡಿಸೋನ ಹೆಂಡ್ತಿ, ಮಾತು ಕಮ್ಮಿ. ಬ್ಲೌಸ್ ಇಸ್ಕೊಂಡು ಭುಜದ ಹತ್ರ ಹಿಡಿದು ಒಂದೇ ಸಲ ಎಳೆದ್ಲು. ಪರ್ ಅಂತು. "ಹಿಂಗೆ ಎಳೆದ್ರೆ ಮೊದ್ಲು ಹೊಲಿಗೆ ಬಿಡ್ತೈತೆ ಸರ್. ಬಟ್ಟೆ ಆಮೇಲೆ" ಅಂದ್ಲು.

"ಸೂಪರ್! ಹೆಂಗಮ್ಮ ಗೊತ್ತು ನಿನಗೆ?" ಅಂದ ಡೈರೆಕ್ಟರು.

ಅವಳು ತಲೆ ಬಗ್ಗಿಸಿದ್ಲು. ನಾನು ಗಡಿಬಿಡೀಲಿ, "ಟೈಲರಿಂಗ್ ಅಲ್ವಾ ಸರ್, ಎಲ್ಲಾ ಗೊತ್ತಿರ್ತೈತೆ" ಅಂದೆ. ಮೂವತ್ತು ವರ್ಷದ ಟೈಲರ್‍ಗೆ ಗೊತ್ತಿಲ್ಲದ್ದು ಕಾಜಾ ಮಾಡೋಳಿಗೆ ಗೊತ್ತಂತೆ! ಆತ ನಂಬಿದ.

೨. ಮೇಷ್ಟ್ರಿಗೆ ಮಿರ್ಚಿ ಇಲ್ಲ

ಹೊಡೆಯೋ ಗಂಡನ ಪಾರ್ಟು ಮಾಡಾಕೆ ಬಂದಿದ್ದೋರು ನ್ಯಾಮತಿ ಕಡೆಯ ಒಬ್ಬ ಮೇಷ್ಟ್ರು. ಊರಿನ ನಾಟಕದಾಗೆ ಬಣ್ಣ ಹಚ್ಚಿದ ಆಸಾಮಿ. ಮೀಸೆ ನೋಡಿದ್ರೆ ಮಕ್ಕಳು ಅಳ್ಬೇಕು, ಮಾತಾಡ್ಸಿದ್ರೆ ಆಕಳು. ಒಂದೊಂದು ಏಟಿನ ಸೀನ್ ಮುಗಿದ ಮೇಲೂ ಹೆಂಡ್ತಿ ಪಾರ್ಟು ಮಾಡ್ತಿದ್ದ ನಟಿ ಹತ್ರ ಹೋಗಿ, "ತಗುಲ್ತೇನಮ್ಮ? ತಪ್ಪು ತಿಳ್ಕೋಬ್ಯಾಡ ತಾಯಿ" ಅಂತಿದ್ರು. ಅವರ ಹೆಂಡ್ತಿ ಫೋನ್ ಮಾಡಿದ್ರಂತೂ ಎದ್ದು ನಿಂತು ಮಾತಾಡ್ತಿದ್ರು.

ಓಣಿ ತುದೀಲಿ ಮಂಡಕ್ಕಿ-ಮಿರ್ಚಿ ಮಾಡೋ ಅಜ್ಜಿ ಅದೆಲ್ಲಾ ಎಲ್ಲಿ ನೋಡಿರ್ತಾಳೆ? ಮೇಷ್ಟ್ರು ಹೋಗಿ, "ಎರಡು ಮಿರ್ಚಿ ಕೊಡು ಅಜ್ಜಿ" ಅಂದ್ರೆ, "ಹೆಂಡ್ತಿ ಹೊಡೆಯೋನಿಗೆ ನನ್ನ ಅಂಗಡೀಲಿ ಮಿರ್ಚಿ ಇಲ್ಲ, ನಡಿ" ಅಂದ್ಲು.

"ಅಯ್ಯೋ, ಅದು ಪಾರ್ಟು ಅಜ್ಜಿ!"

"ಪಾರ್ಟಂತೆ. ಹಂಗಾರೆ ಆ ಹುಡುಗೀನೇ ಬಂದು ಹೇಳ್ಲಿ."

ಕೊನೆಗೆ ಆ ನಟಿ ಮುಖದ ಮೇಲಿನ ಬಣ್ಣದ ಬಾಸುಂಡೆ ಸಮೇತ ಬಂದು, "ಇವ್ರು ತುಂಬಾ ಒಳ್ಳೇವ್ರು ಅಜ್ಜಿ, ಕೊಡಿ" ಅಂದ್ಲು. ಅಜ್ಜಿ ಕಣ್ಣಲ್ಲಿ ನೀರು ಬಂದ್ವು. "ನೋಡ್ರವ್ವ, ಇಷ್ಟು ಹೊಡೆಸ್ಕೊಂಡ್ರೂ ಗಂಡನ್ನ ಬಿಟ್ಟುಕೊಡಲ್ಲ!" ಅಂತ ಅವಳಿಗೆ ನಾಲ್ಕು ಮಿರ್ಚಿ ಕೊಟ್ಟು, ಮೇಷ್ಟ್ರಿಗೆ ಒಂದೂ ಕೊಡ್ಲಿಲ್ಲ.

ಆ ಹೊತ್ತಿಗೆ ನಮ್ಮ ಎದುರುಮನೆ ಟೆಂಪೋದವನೂ ಪಕ್ಕದಲ್ಲೇ ನಿಂತು ಎರಡನೇ ಪ್ಲೇಟ್ ತಿಂತಿದ್ದ. ಅವನಿಗೆ ಅಜ್ಜಿ ಏನೂ ಅನ್ಲಿಲ್ಲ. ನಾನೂ ಅನ್ಲಿಲ್ಲ.

೩. ಶಾಟ್ ಓಕೆ

ಮೂರನೇ ದಿನ ನಮ್ಮದೂ ಪಾರ್ಟಿತ್ತು. ಅಜ್ಜಿ, ನಾನು, ಟೆಂಪೋದವನ ಹೆಂಡ್ತಿ, ಇನ್ನೂ ಮೂರು ಜನ. ಅಕ್ಕಪಕ್ಕದ ಹೆಂಗಸರು ನಾವೇ. ಡೈಲಾಗ್ ಇಲ್ಲ. ಒಳಗೆ ಗಂಡ ಹೊಡೀತಾನೆ, ನಾವು ಬಾಗಿಲಲ್ಲಿ ಸುಮ್ನೆ ನಿಂತು ನೋಡ್ಬೇಕು. ಇಷ್ಟೇ.

ಮೇಷ್ಟ್ರು ಕೈ ಎತ್ತಿದ್ದೇ ತಡ, ಅಜ್ಜಿ ಮಿರ್ಚಿ ತೆಗೆಯೋ ಜಾಲರಿ ಸಮೇತ ಒಳಗೆ ನುಗ್ಗಿದ್ಲು. ಕಟ್! ಎರಡನೇ ಸಲ ನಾನೇ ನುಗ್ಗಿದೆ. ಮೂರನೇ ಸಲ ಐದು ಜನಾನೂ ನುಗ್ಗಿದ್ವಿ. ಮೇಷ್ಟ್ರು ಮಂಚದ ಹಿಂದೆ ಕೂತ್ಕೊಂಡು, "ಮೊದ್ಲು ಆ ಜಾಲರಿ ಇಸ್ಕೊಳ್ರಿ ಸಾರ್, ಆಮೇಲೆ ನಾನು ಹೊಡೀತೀನಿ" ಅಂದ್ರು.

ಡೈರೆಕ್ಟರು ಕೈ ಮುಗಿದ. "ತಾಯಂದ್ರಾ, ಯಾರೂ ಬರಲಿಲ್ಲ ಅನ್ನೋದೇ ಕಥೆ! ಯಾರಾದ್ರೂ ಬಂದಿದ್ರೆ ಆಕೆ ಸಾಯ್ತಾನೇ ಇರಲಿಲ್ಲ!"

"ಎಂಥಾ ಹಾಳೂರಪ್ಪ ಅದು?" ಅಂತ ಅಜ್ಜಿ ರೇಗಿದ್ಲು. "ಹೆಣ್ಮಗಳು ಹಂಗೆ ಕೂಗ್ಕೊಂಡ್ರೂ ಯಾರೂ ಬರಲ್ಲ ಅಂದ್ರೆ! ಅವೇನು ಮನುಷ್ಯರಾ?"

ಮೂರು ಸಲಾನೂ ನಿಂತಲ್ಲೇ ನಿಂತಿದ್ದೋಳು ಟೆಂಪೋದವನ ಹೆಂಡ್ತಿ ಒಬ್ಳೇ. ಮೆಲ್ಲಗೆ ಅಂದ್ಲು, "ಅಜ್ಜಿ, ಅದು ನಮ್ಮೂರೇ. ನಮ್ಮ ಓಣೀನೇ. ನಾನು ಕೂಗಿದ್ದು ನಿಮಗ್ಯಾರಿಗೂ ಕೇಳಿಸ್ಲಿಲ್ವಾ?"

ಅವಳ ಹರಿದ ಬ್ಲೌಸ್ ನಾನೇ ಎಷ್ಟು ಸಲ ಹೊಲಿದು ಕೊಟ್ಟಿದ್ದೆ, ಒಂದು ಸಲಾನಾದ್ರೂ ಯಾಕೆ ಹರೀತು ಅಂತ ಕೇಳಿದ್ನಾ? ನಾಚಿಕೆ ಆಗಿ ನಿಂತಲ್ಲೇ ಕಲ್ಲಾಗಿಬಿಟ್ಟೆ. ಎಲ್ರೂ ಹಂಗೇ ನಿಂತಿದ್ವಿ.

"ಹಂಗೇ ನಿಲ್ರಿ!" ಅಂತ ಡೈರೆಕ್ಟರು ಕುಣಿದಾಡಿದ. "ಅದೇ ಮುಖ ಬೇಕಿತ್ತು! ಕ್ಯಾಮೆರಾ ರೋಲ್... ಶಾಟ್ ಓಕೆ!"

೪. ಉಂಡು ಮಲಗೋ ತನಕ

ಆಮೇಲೆ ಆ ಹುಡುಗೀನ ಕರ್ಕೊಂಡು ನಾವೆಲ್ಲ ಠಾಣೆಗೆ ಹೋಗಿದ್ದು, ಜಗಳೂರಿಂದ ಅವಳ ಅಣ್ಣಂದಿರು ಬಂದಿದ್ದು, ಅದೆಲ್ಲಾ ಐತೆ. ನಾನು ಹೇಳೋದು ಅದಕ್ಕೂ ಮುಂಚೆ, ಅದೇ ದಿನ ಸಂಜೆ ನಡೆದದ್ದು.

ಟೀವಿಯೋರು ಸಾಮಾನು ಕಟ್ತಾ ಇದ್ರು. ಎದುರುಮನೇಲಿ ಪಾತ್ರೆ ಬಿದ್ದ ಸದ್ದು, ಟೆಂಪೋದವನ ಅಬ್ಬರ. ಈ ಸಲ ಯಾರೂ ಆಕ್ಷನ್ ಅನ್ಲಿಲ್ಲ. ಐದು ಜನಾನೂ ಒಳಗೆ ಹೋದ್ವಿ, ಅಜ್ಜಿ ಜಾಲರಿ ಸಮೇತ. ಅವನ ಕೈ ಎತ್ತಿದ್ದು ಎತ್ತಿದಂಗೇ ಇತ್ತು.

"ಏನ್ ಬಂದ್ರಿ? ಇದು ನಮ್ಮನೆ ವಿಷ್ಯ" ಅಂತ ಗದರಿದ. "ಗಂಡ ಹೆಂಡ್ರ ಜಗಳ ಉಂಡು ಮಲಗೋ ತನಕ. ದೊಡ್ಡೋರು ಹೇಳಿಲ್ವಾ?"

"ಹೇಳ್ಯಾರೆ, ಹೇಳ್ಯಾರೆ" ಅಂತ ಅಜ್ಜಿ ನಡುಮನೇಲಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಲು. "ಅದಕ್ಕೇ ಬಂದೀವಿ. ನೀನು ಉಂಡು ಮಲಗೋ ತನಕ ನಾವು ಇಲ್ಲೇ ಇರ್ತೀವಿ."

ನಾವೂ ಸುತ್ತ ಕೂತ್ವಿ. ಆತ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಮೇಷ್ಟ್ರು ನಿಂತಿದ್ರು, ಮೀಸೆ ತಿರುವ್ಕೊಂಡು. ಅಜ್ಜಿ ತಟ್ಟೆ ಇಟ್ಟು ಮುದ್ದೆ ಬಡಿಸಿದ್ಲು. ಐದು ಜನ ಕಣ್ಣು ಮಿಟುಕಿಸದೆ ನೋಡ್ತಿದ್ರೆ ಮುದ್ದೆ ಗಂಟಲಲ್ಲಿ ಇಳೀತೈತಾ? ಇಳೀಬೇಕಲ್ಲ, ಇಳೀತು. ಗಂಟೆ ಆರೂವರೆ, ಹೊರಗೆ ಇನ್ನೂ ಬೆಳಕಿತ್ತು. ಅಜ್ಜಿ ಚಾಪೆ ಹಾಸಿದ್ಲು, ಆತ ಮಲಗಿದ, ಮೇಲೆ ಕಂಬಳಿ ಹೊದಿಸಿದ್ಲು. ಅವನ ಹೆಂಡ್ತಿ ಮೂಲೇಲಿ ಸೆರಗಿಂದ ಬಾಯಿ ಮುಚ್ಕೊಂಡಿದ್ಲು. ಅಳ್ತಾಳೆ ಅಂತ ಹತ್ರ ಹೋದೆ, ನೋಡಿದ್ರೆ ನಗ್ತಿದ್ಲು. ಅವಳು ನಕ್ಕಿದ್ದು ನಾನು ಅವತ್ತೇ ನೋಡಿದ್ದು.

ಎರಡು ನಿಮಿಷಕ್ಕೆ ಆತ ಜೋರಾಗಿ ಗೊರಕೆ ಹೊಡ್ಯಾಕೆ ಶುರು ಮಾಡಿದ. ಇನ್ನೇನು ಏಳಬೇಕು ಅಂತಿದ್ವಿ, ಅಜ್ಜಿ ತಡೆದ್ಲು. ಜಾಲರೀಲಿ ಕಂಬಳಿ ಮೆಲ್ಲಗೆ ತಿವಿದು ಅಂದ್ಲು:

"ಗೊರಕೆ ಸರಿ ಬರ್ಲಿಲ್ಲ ಕಣಪ್ಪ, ಇನ್ನೊಂದು ಟೇಕ್ ತಗೋ. ಮೂರು ದಿನ ಶೂಟಿಂಗ್ ಮಾಡೀವಿ, ನಟನೆ ಯಾವುದು ಅಂತ ನಮಗೀಗ ಗೊತ್ತಾಗ್ತೈತೆ."