ಕೂತ್ಕೋ ಜಿಗ್ಗಿ!

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಬೆಳಿಗ್ಗೆ ಬಂದ ಒಂದು ಫೋನು. ಜಿಗ್ಗಿ ಮಲೆಕ್ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ರಿಸೀವರ್ ಎತ್ತಿದ. ಆ ಕಡೆ ಅವರಪ್ಪ.

"ಇವತ್ತು ನಿನ್ನ ಮ್ಯಾಚ್ ನೋಡೋಕೆ ಬರ್ತಿದೀನಿ ಕಣೋ. ಬಸ್ ಟಿಕೆಟ್ ತಗೊಂಡಾಯ್ತು."

ಜಿಗ್ಗಿ ಪೇಸ್ಟು ನುಂಗಿಬಿಟ್ಟ.

ಅಪ್ಪ ಇಷ್ಟು ವರ್ಷದಲ್ಲಿ ಒಮ್ಮೆಯೂ ಬಂದವರಲ್ಲ. "ಮಳೆ ಇಲ್ಲ, ಕೆಸರಿಲ್ಲ. ಐಸ್ ಮೇಲೆ ಹಾಕಿ ಆಡೋ ಅಂಗಳಕ್ಕೆ ಕಾರ್ಪೆಟ್ ಹಾಸಿ, ಚೆಂಡನ್ನ ಗೋಡೆಗೆ ಬಡಿದು ಆಡೋದೂ ಒಂದು ಫುಟ್‌ಬಾಲಾ? ದೊಡ್ಡ ಬಿಲಿಯರ್ಡ್ಸ್ ಮೇಜು ಅದು" ಅನ್ನುತ್ತಿದ್ದರು. ಈಗ ಅವರ ಮಂಡಿ ಕೈಕೊಟ್ಟಿದೆ. ಜಿಗ್ಗಿಗೂ ಮೂವತ್ತೆಂಟಾಗಿದೆ. ಈ ಸೀಸನ್ ಮುಗಿದರೆ ಅವನ ಕಾಂಟ್ರ್ಯಾಕ್ಟೂ ಮುಗಿಯಿತು, ಮತ್ತೆ ಕರೆಯುವವರು ಯಾರು? ಮಗ ಆಡುವುದನ್ನು ಅಪ್ಪ ನೋಡುವುದಿದ್ದರೆ ಇವತ್ತೇ ನೋಡಬೇಕು.

ತೊಂದರೆಯೇನೆಂದರೆ, ಜಿಗ್ಗಿ ಆಡುತ್ತಲೇ ಇರಲಿಲ್ಲ.

ಮಿಲ್ವಾಕಿ ಲ್ಯಾಂಟರ್ನ್ಸ್ ತಂಡಕ್ಕೆ ಅವನು ಎರಡನೇ ಗೋಲ್‌ಕೀಪರ್. ಸೀಸನ್ನಿನ ಶುರುವಿನಲ್ಲಿ ಒಂದಷ್ಟು ಪಂದ್ಯ ಆಡಿದ, ತಂಡ ಎಲ್ಲದರಲ್ಲೂ ಸೋತಿತು. ಆಮೇಲೆ ಕ್ರಿಸ್‌ಮಸ್ ಹೊತ್ತಿಗೆ ಒಂದು ದಿನ ವಿಪರೀತ ಹಲ್ಲುನೋವು ಅಂತ ದವಡೆಗೆ ಟವೆಲ್ ಕಟ್ಟಿಕೊಂಡು ಬೆಂಚಿನ ತುದಿಯಲ್ಲಿ ಕೂತ. ತಂಡ ಗೆದ್ದಿತು. ಮರುವಾರ ಹಲ್ಲು ಕೀಳಿಸಿಕೊಂಡು ನಗುನಗುತ್ತಾ ಬಂದರೆ ಕೋಚ್ ಡ್ರಾಗೋ ಕೈಯಲ್ಲಿ ಅದೇ ಟವೆಲ್. "ಕಟ್ಕೊಳಪ್ಪ. ಗೆಲ್ತಾ ಇರೋವಾಗ ಏನನ್ನೂ ಬದಲಾಯಿಸ್ಬಾರ್ದು."

ಅಂದಿನಿಂದ ಗೆಲುವಿನ ಮೇಲೆ ಗೆಲುವು. ಮೊದಲ ಗೋಲ್‌ಕೀಪರ್ ನೀನೋ ಹಾರಿ ಹಾರಿ ಚೆಂಡು ಹಿಡಿದ, ಹೆಸರು ಮಾತ್ರ ಜಿಗ್ಗಿಯ ಟವೆಲ್ಲಿಗೆ ಬಂತು. ಇವತ್ತಿನ ಪಂದ್ಯವನ್ನೂ ಗೆದ್ದರೆ ತಂಡ ಫೈನಲ್‌ಗೆ.

ಜಿಗ್ಗಿ ಕೋಚ್‌ಗೆ ಫೋನ್ ಮಾಡಿ ಗೋಗರೆದ. "ಐದು ಗೋಲು ಮುಂದಿದ್ರೆ ಕೊನೇ ಐದು ನಿಮಿಷ ಆಡು, ಸಾಯಿ" ಎಂದ ಡ್ರಾಗೋ.

ಜಿಗ್ಗಿ ಇರುವುದು ಮರದ ಮನೆಯ ಮಹಡಿಯಲ್ಲಿ. ಮೇಲೆ ಸೀನಿದರೆ ಕೆಳಗೆ ಕೇಳಿಸುತ್ತದೆ. ಕೆಳಗಿನ ಮನೆಯ ಲೊರೇನ್ ಕುಬಿಯಾಕ್ ಕಾಫಿ ಲೋಟ ಅಲ್ಲೇ ಬಿಟ್ಟು ಬೀದಿಗಿಳಿದಳು. ಜಿಗ್ಗಿ ಹೊರಗೆ ಬರುವಷ್ಟರಲ್ಲಿ ಊರಿಗೆಲ್ಲ ಸುದ್ದಿಯಾಗಿತ್ತು. ನಮ್ಮ ಬೀದಿಯ ಜನಕ್ಕೆ ಇಂಥದ್ದೊಂದು ಸಿಕ್ಕರೆ ಸಾಕು.

"ಆಡ್ತೀಯಂತೆ?" ಅಂದ ಸಾಸೇಜ್ ಅಂಗಡಿಯ ಹ್ಯಾಂಕ್, ಮನೆ ಮಾರ್ತೀಯಂತೆ ಅನ್ನುವ ಧಾಟಿಯಲ್ಲಿ. "ನಿಂಗೇನು ತಲೆಗಿಲೆ ಕೆಟ್ಟಿದ್ಯಾ?"

"ಅಪ್ಪ ಬರ್ತಿದಾರೆ ಹ್ಯಾಂಕ್."

"ಬರ್ಲಿ ಬಿಡು, ಪಾಪ. ಟವೆಲ್ ಕಟ್ಕೊಂಡ್ರೆ ಮಗ ಅಂತ ಗುರ್ತು ಸಿಗಲ್ವಾ?"

ಚರ್ಚಿನ ಬಾಗಿಲಲ್ಲಿ ಪಾದ್ರಿಗಳು ಅವನ ಹೆಗಲ ಮೇಲೆ ಕೈಯಿಟ್ಟರು. "ಇಂಥ ನಂಬಿಕೆಯೆಲ್ಲ ಪಾಪ, ಮಗು. ಆದ್ರೂ ಇವತ್ತೊಂದು ದಿನ ಕೂತಿರು."

ಕ್ರೀಡಾಂಗಣದಲ್ಲಿ ಚೀಲ ತೆಗೆದರೆ ಗ್ಲೌಸ್ ಇಲ್ಲ! ಅದರ ಜಾಗದಲ್ಲಿ ಲೊರೇನ್ ಬಿಸಿ ಪಾತ್ರೆ ಹಿಡಿಯುವ ಕೈಗವಸುಗಳಿದ್ದವು, ಹೂವಿನ ಚಿತ್ತಾರದವು. ಜಿಗ್ಗಿ ತಲೆ ಎತ್ತಿ ನೋಡಿದ. ಮೂರನೇ ಸಾಲಿನಲ್ಲಿ ಅಪ್ಪ ಊರುಗೋಲು ಹಿಡಿದು ಇಸ್ತ್ರಿ ಮಾಡಿದ ಕೋಟಿನಲ್ಲಿ ಕೂತಿದ್ದರು, ಮದುವೆಗೆ ಬಂದವರ ಹಾಗೆ. ಪಕ್ಕದಲ್ಲೇ ಲೊರೇನ್. ಜಿಗ್ಗಿ ನೀನೋನ ಹಳೇ ಗ್ಲೌಸ್ ಇಸ್ಕೊಂಡು ತೊಡೆಯ ಮೇಲಿಟ್ಟುಕೊಂಡ.

ತಂಡ ಅವತ್ತು ದೆವ್ವ ಹೊಕ್ಕ ಹಾಗೆ ಆಡಿತು. ಕೊನೆಯ ಹೊತ್ತಿಗೆ ಸರಿಯಾಗಿ ಐದು ಗೋಲು ಮುಂದೆ. ಡ್ರಾಗೋ ನಿಟ್ಟುಸಿರುಬಿಟ್ಟು ಜಿಗ್ಗಿಗೆ ಏಳು ಎಂದು ಬೆರಳಲ್ಲೇ ಸನ್ನೆ ಮಾಡಿದ.

ಜಿಗ್ಗಿ ಟವೆಲ್ ಬಿಚ್ಚಿ ಎದ್ದು ನಿಂತ.

"ಕೂತ್ಕೋ ಜಿಗ್ಗಿ!" ಲೊರೇನ್ ಕಿರುಚಿದಳು. ಹ್ಯಾಂಕ್ ದನಿಗೂಡಿಸಿದ. ನೋಡನೋಡುತ್ತ ಇಡೀ ಕ್ರೀಡಾಂಗಣ ಕಾಲು ಬಡಿಯುತ್ತ ಕೂಗತೊಡಗಿತು, "ಕೂತ್ಕೋ ಜಿಗ್ಗಿ! ಕೂತ್ಕೋ ಜಿಗ್ಗಿ!"

ಅವನು ಗ್ಲೌಸ್‌ನೊಳಗೆ ಬೆರಳು ತೂರಿಸುತ್ತಿದ್ದಂತೆ ಎದುರಾಳಿಗಳು ಒಂದು ಗೋಲು ಹೊಡೆದರು. ಅದು ಚಿಕ್ಕ ಗ್ಲೌಸು, ಹೆಬ್ಬೆರಳು ಹೋಗಲೊಲ್ಲದು. ಹಲ್ಲಿನಲ್ಲಿ ಎಳೆದ. ಇನ್ನೊಂದು ಗೋಲು. ಇನ್ನೊಂದು. ಎಡಗೈ ಮುಗಿಯುವಷ್ಟರಲ್ಲಿ ನಾಲ್ಕು ಬಿದ್ದು, ಬರೀ ಒಂದು ಗೋಲಿನ ಅಂತರ ಉಳಿಯಿತು. ಗಾಬರಿಯಲ್ಲಿ ನೀನೋ ನುಗ್ಗಿಬಂದ ಆಟಗಾರನ ಕಾಲನ್ನೇ ತಬ್ಬಿಕೊಂಡು ಬೀಳಿಸಿಬಿಟ್ಟ. ರೆಫರಿ ನೀಲಿ ಕಾರ್ಡ್ ಎತ್ತಿದ.

ಈ ಆಟದಲ್ಲಿ ಗೋಲ್‌ಕೀಪರ್ ತಪ್ಪು ಮಾಡಿದರೆ ಶಿಕ್ಷೆ ಅವನಿಗಲ್ಲ. ಅವನ ಬದಲಿಗೆ ತಂಡದ ಇನ್ನೊಬ್ಬ ಹೋಗಿ ಗಾಜಿನ ಕಟಕಟೆಯಲ್ಲಿ ಎರಡು ನಿಮಿಷ ಕೂರಬೇಕು.

"ಅಂಗಳಕ್ಕೆ ಇಳೀಬೇಕು ಅಂತಿದ್ಯಲ್ಲಾ?" ಡ್ರಾಗೋ ಹಲ್ಲು ಕಡಿದ. "ಇಳಿ. ನೀನೇ ಹೋಗಿ ಅಲ್ಲಿ ಕೂತ್ಕೋ!"

ಜಿಗ್ಗಿ ಒಂದೇ ಗ್ಲೌಸಿನಲ್ಲಿ ಕಾರ್ಪೆಟ್ ದಾಟಿದ. ಅಪ್ಪನ ಕಣ್ಣೆದುರು ಅವನು ಅಂಗಳದಲ್ಲಿ ಕಾಲಿಟ್ಟದ್ದು ಅಷ್ಟೇ. ಹಿಂದೆ ಬಾಗಿಲು ಹಾಕಿಕೊಂಡಿತು. ಕಾರ್ಪೆಟ್ಟಿನ ಕೆಳಗಿನ ಐಸಿನ ಥಂಡಿ ಬೂಟಿನೊಳಕ್ಕೆ ಏರುತ್ತಿತ್ತು. ಅವನಿಗೆ ಅಳು ಬಂತು, ಗ್ಲೌಸಿನಲ್ಲೇ ಒರೆಸಿಕೊಂಡ.

ಒಬ್ಬ ಆಟಗಾರ ಕಮ್ಮಿಯಿದ್ದರೂ ತಂಡ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಸಾಲದ್ದಕ್ಕೆ ಇನ್ನೊಂದು ಹೊಡೆಯಿತು. ಗೆದ್ದಿತು.

ಪಂದ್ಯ ಮುಗಿದ ಮೇಲೆ ಆಟಗಾರರು ಅಂಗಳದಲ್ಲೇ ಮೇಜು ಹಾಕಿಕೊಂಡು ಅಭಿಮಾನಿಗಳಿಗೆ ಸಹಿ ಹಾಕಿಕೊಡುವುದು ಇಲ್ಲಿನ ಪದ್ಧತಿ. ಜಿಗ್ಗಿಯ ಮೇಜಿಗೆ ಮೊದಲು ಬಂದವರು ಅಪ್ಪ, ಕುಂಟುತ್ತ.

"ಕ್ಷಮಿಸಪ್ಪಾ" ಎಂದ ಜಿಗ್ಗಿ. "ಅಷ್ಟು ದೂರದಿಂದ ಬಂದ್ರಿ. ನಾನು ಆಡ್ಲೇ ಇಲ್ಲ."

ಅಪ್ಪ ಊರುಗೋಲನ್ನು ಮೇಜಿಗೆ ಒರಗಿಸಿದರು. "ಕಾಗದದ ಮಿಲ್ಲಲ್ಲಿ ಇನ್ಯಾರೋ ಮಾಡಿದ ತಪ್ಪಿಗೆ ನಾನೂ ಎಷ್ಟೋ ಸಲ ತಲೆ ತಗ್ಗಿಸಿ ನಿಂತಿದೀನಿ ಕಣೋ. ಆಗ ಯಾರೂ ನೋಡ್ತಿರ್ಲಿಲ್ಲ. ಇವತ್ತು ಅವನ ತಪ್ಪಿಗೆ ನೀನು ಹೋಗಿ ಕೂತೆ, ತುಟಿಪಿಟಕ್ ಅನ್ಲಿಲ್ಲ. ನಾನು ನೋಡ್ದೆ. ಆಟ ಅರ್ಥ ಆಗ್ಲಿಲ್ಲ, ಇದು ಅರ್ಥ ಆಯ್ತು."

ಅಷ್ಟರಲ್ಲಿ ಡ್ರಾಗೋ ಓಡೋಡಿ ಬಂದು ಅವನನ್ನು ತಬ್ಬಿಕೊಂಡ.

"ಮಾಲೀಕರು ಒಪ್ಪಿದ್ರು ಜಿಗ್ಗಿ! ಮುಂದಿನ ಸೀಸನ್‌ಗೂ ನೀನೇ ಬೇಕಂತೆ!"

"ನಿಜವಾಗ್ಲೂ? ಆಡಿಸ್ತೀರಾ?"

"ಆಡ್ಸೋದೇನು ಬಂತು ಮಾರಾಯ! ನೀನು ಆ ಡಬ್ಬಿಯೊಳಗೆ ಕೂತಾಗ ಒಂದಾದ್ರೂ ಗೋಲು ಬಿತ್ತಾ? ಬೆಂಚೆಲ್ಲ ಇನ್ಮೇಲೆ ಬೇಡ. ಫೈನಲ್ಲಿಂದ ನಿನ್ನ ಜಾಗ ಅದೇ. ನೀನೋಗೂ ಹೇಳಿದೀನಿ, ಪ್ರತಿ ಮ್ಯಾಚಲ್ಲೂ ಒಂದು ತಪ್ಪು ಮಾಡು ಅಂತ."

ಲೊರೇನ್ ಕದ್ದ ಗ್ಲೌಸ್ ತಂದು ಮೇಜಿನ ಮೇಲಿಟ್ಟಳು. "ಒಳಗೆ ಥಂಡಿ ಇರುತ್ತೆ, ಒಂದು ದಿಂಬು ಹೊಲಿದು ಕೊಡ್ತೀನಿ ಬಿಡು."

ಜಿಗ್ಗಿ ದಿಕ್ಕು ತೋಚದೆ ಅಪ್ಪನ ಕಡೆ ತಿರುಗಿದ. "ನೀವಾದ್ರೂ ಹೇಳಿ ಅಪ್ಪಾ ಇವರಿಗೆ! ಫೈನಲ್‌ಗೂ ಬನ್ನಿ, ನಾನು ಆಡೇ ತೋರಿಸ್ತೀನಿ."

ಅಪ್ಪ ಯೋಚಿಸಿದರು. ಮೇಜಿನ ಮೇಲಿದ್ದ ಟವೆಲ್ ಎತ್ತಿ, ಚಿಕ್ಕಂದಿನಲ್ಲಿ ಶಾಲೆಗೆ ಕಳಿಸುವಾಗ ಮಫ್ಲರ್ ಸುತ್ತುತ್ತಿದ್ದ ಹಾಗೆ, ಮಗನ ದವಡೆಗೆ ಜೋಪಾನವಾಗಿ ಕಟ್ಟಿದರು.

"ಬರ್ದೆ ಇರ್ತೀನಾ? ಫೈನಲ್‌ಗೂ ಬರ್ತೀನಿ, ಮುಂದಿನ ವರ್ಷ ಎಲ್ಲಾ ಮ್ಯಾಚಿಗೂ ಬರ್ತೀನಿ," ಅಂದರು. "ಆದ್ರೆ ನೀನು ಎದ್ದುಗಿದ್ದು ಕೆಡಿಸ್ಬೇಡ ಮಗನೇ. ಸುಮ್ನೆ ಕೂತ್ಕೋ."