ಸೊಸೆ ತರಿಸಿದ ರೀಫಂಡು

ತೆರಿಗೆ ಅಂದರೆ ಜನ ಮೂಗು ಮುರಿಯುತ್ತಾರೆ ಅಂತ ಯಾರು ಹೇಳಿದರೋ, ಅವರು ಶಿಕಾರಿಪುರ-ಸೊರಬದ ಕಡೆ ಬಂದಿರಲಿಕ್ಕಿಲ್ಲ. ನಮ್ಮಲ್ಲಿ ರಿಟರ್ನ್ ಸಲ್ಲಿಸುವ ಕಾಲ ಬಂತೆಂದರೆ ಒಂದಲ್ಲ ಒಂದು ಫಜೀತಿ ಇದ್ದದ್ದೇ. ಆದರೆ ಅದರ ಮೂಲ ಹುಡುಕಿದರೆ ಯಾರಿಗೋ ಮೋಸ ಮಾಡುವ ಬುದ್ಧಿ ಸಿಗುವುದಿಲ್ಲ, ಮರ್ಯಾದೆಯ ಪ್ರಶ್ನೆ ಸಿಗುತ್ತದೆ.

ನನ್ನ ತವರು ಶಿಕಾರಿಪುರ, ಗಂಡನ ಮನೆ ಸೊರಬ ತಾಲ್ಲೂಕಿನ ಹೊಸಬಾಳೆ. ಬಿ.ಕಾಂ. ಮುಗಿಸಿ ಶಿಕಾರಿಪುರದ ಒಬ್ಬ ತೆರಿಗೆ ಸಲಹೆಗಾರರ ಹತ್ತಿರ ಕೆಲಸ ಕಲಿತವಳು. ಮದುವೆಯಾದ ಮೇಲೂ ಬಿಡಲಿಲ್ಲ, ಬಸ್ಸಿನಲ್ಲಿ ಓಡಾಡಿಕೊಂಡೇ ಮಾಡಿದೆ. ಕೊನೆಗೆ ಸೊರಬದಲ್ಲೇ ನನ್ನದೊಂದು ಆಫೀಸು ಮಾಡಬೇಕು ಅಂತ ಆಸೆ ಹುಟ್ಟಿತು. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕೋಣೆಯನ್ನೂ ನೋಡಿಟ್ಟೆ. ದಸರಾ ತನಕ ಬೇರೆ ಯಾರಿಗೂ ಕೊಡುವುದಿಲ್ಲ ಅಂತ ಕೋಣೆಯ ಮಾಲೀಕರು ಮಾತು ಕೊಟ್ಟರು.

ಇನ್ನು ಉಳಿದದ್ದು ಮಾವನ ಒಪ್ಪಿಗೆ. ನಮ್ಮ ಮಾವ ನಿವೃತ್ತ ಹೈಸ್ಕೂಲು ಹೆಡ್ಮಾಸ್ಟರು. ಮನೆಯಲ್ಲಿ ಅವರ ತೀರ್ಪಿಗೆ ಮೇಲ್ಮನವಿ ಇಲ್ಲ.

"ಊರವರ ಲೆಕ್ಕ ಆಮೇಲೆ" ಅಂದರು ಮಾವ. "ಮೊದಲು ನನ್ನದು ಮಾಡು. ಪಿಂಚಣಿಯಲ್ಲಿ ಮುರ್ಕೊಂಡ ತೆರಿಗೆ ಪೂರ್ತಿ ವಾಪಸ್ ಬರ್ತದೆ ಅಂತೀಯಲ್ಲ, ಬರ್ಲಿ ನೋಡ್ವ. ಬಂದರೆ ನಿನ್ನ ಬೋರ್ಡು ನಾನೇ ಕೈಯಾರೆ ಹೊಡೀತೀನಿ. ಬರದಿದ್ರೆ ಬೋರ್ಡಿನ ಸುದ್ದಿ ಎತ್ತುವ ಹಾಗಿಲ್ಲ."

ಆಯಿತು ಅಂದೆ. ಅನ್ನದೆ ಬೇರೆ ದಾರಿಯೂ ಇರಲಿಲ್ಲ.

೧. ಸೊನ್ನೆಯ ಅವಮಾನ

ಹನ್ನೆರಡು ಲಕ್ಷದ ಒಳಗಿನ ಆದಾಯಕ್ಕೆ ತೆರಿಗೆ ಇಲ್ಲ ಅಂತ ಕಾನೂನು ಬದಲಾಯಿತಲ್ಲ, ಆ ವರ್ಷ ನಮಗೆ ಸಿಹಿ ಹಂಚುವವರೇ ಬರುತ್ತಾರೆ ಅಂತ ತಿಳಿದಿದ್ದೆ. ಮೊದಲು ಬಂದವರು ಶಿಕಾರಿಪುರದ ಬಟ್ಟೆ ಅಂಗಡಿಯ ಯಜಮಾನರು. ತಂದೆಯ ಕಾಲದಿಂದ ತೆರಿಗೆ ಕಟ್ಟುತ್ತಾ ಬಂದ ಮನೆತನ. ಮಠದ ಕಾರ್ಯಕ್ರಮವಿರಲಿ, ಸಂತೆಯಿರಲಿ, "ನಾವು ಟ್ಯಾಕ್ಸ್ ಕಟ್ಟೋ ಮಂದಿ" ಅಂತಲೇ ಅವರ ಮಾತು ಶುರು.

ಲೆಕ್ಕ ಮುಗಿಸಿ, "ನಿಮ್ಮದು ಸೊನ್ನೆ ಬಂತು ಯಜಮಾನ್ರೇ" ಅಂದೆ ಸಂಭ್ರಮದಿಂದ.

ಅವರ ಮುಖ ಬಾಡಿಹೋಯಿತು. "ಸೊನ್ನೆ ಅಂದ್ರ? ನಮ್ಮ ಅಂಗಡಿ ಏನ್ ಮುಳುಗೇತೇನ್ರಿ?"

"ಮುಳುಗಿಲ್ಲ. ಕಾನೂನು ಬದಲಾಗಿದೆ. ಈಗ ನಿಮ್ಮಷ್ಟು ಆದಾಯಕ್ಕೆ ತೆರಿಗೆ ಇಲ್ಲ."

"ನಿಮ್ಮಷ್ಟು ಅಂದ್ರ ಏನರ್ಥ? ಸಣ್ಣ ಆದಾಯ ಅಂತಾನಾ? ನೋಡ್ ತಂಗಿ, ನಮ್ಮಪ್ಪ ಕಟ್ಯಾರ, ನಾ ಕಟ್ಟೀನಿ. ಈಗ ಸೊನ್ನೆ ಅಂತ ಊರಾಗ ಹೆಂಗ ಹೇಳ್ಲಿ? ಸ್ವಲ್ಪರ ಏನಾರ ಹಾಕು."

ಹಾಗೆಲ್ಲ ಹಾಕಲು ಬರುವುದಿಲ್ಲ ಅಂತ ಎಷ್ಟು ಹೇಳಿದರೂ ಕೇಳಲೊಲ್ಲರು. ಟೀ ತರಿಸಿದೆ. ಕುಡಿಯಲಿಲ್ಲ. ಎದ್ದು ಬಾಗಿಲವರೆಗೆ ಹೋದವರು ಏನೋ ನೆನಪಾದಂತೆ ತಿರುಗಿ ಬಂದು ಮೆಲ್ಲಗೆ ಕೇಳಿದರು: "ನಮ್ಮ ಪಕ್ಕದ ಅಂಗಡಿಯವಂದು?"

ಬೇರೆಯವರ ಲೆಕ್ಕ ಹೇಳುವುದು ನಮ್ಮ ಪದ್ಧತಿಯಲ್ಲ. "ಹನ್ನೆರಡು ಲಕ್ಷದ ಒಳಗಿರುವ ಎಲ್ಲರದೂ ಸೊನ್ನೆಯೇ" ಅಂದೆ.

"ಎಲ್ಲಾರ್ದೂ?"

"ಎಲ್ಲಾರ್ದೂ."

ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. "ಹಂಗಾದ್ರ ಸರಕಾರ ಒಳ್ಳೇ ಕೆಲಸ ಮಾಡೇತಿ ಬಿಡು. ಎಲ್ಲಿ, ಆ ಟೀ ಇತ್ತ ಕೊಡು."

೨. ಬೀಗರ ಪೈಪೋಟಿ

ಉಡುತಡಿಯ ಒಬ್ಬ ಮೆಕ್ಕೆಜೋಳದ ರೈತರು ಮಗನಿಗೆ ಹೆಣ್ಣು ನೋಡುತ್ತಿದ್ದರು. ಸೊರಬದ ಕಡೆ ಒಂದು ಸಂಬಂಧ ಕೂಡಿಬಂದಿತ್ತು. ಹೆಣ್ಣಿನ ಕಡೆಯವರು ಹೊಲ ಎಷ್ಟು, ಬೋರ್‌ವೆಲ್ ಎಷ್ಟು ಅಂತ ಕೇಳುವುದು ಬಿಟ್ಟು, "ಐಟಿ ಫೈಲ್ ಉಂಟಾ?" ಅಂತ ಕೇಳಿದರಂತೆ. ರೈತರು ಮರುದಿನವೇ ಶಿಕಾರಿಪುರದ ನಮ್ಮ ಆಫೀಸಿಗೆ ಬಂದರು.

"ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ" ಅಂದೆ.

"ನಂಗೂ ಗೊತ್ತೈತ್ರಿ. ಆದ್ರೂ ಒಂದಿಷ್ಟು ಕಟ್ಟಿದ್ದು ಕಾಣ್ಲಿ. ಬೀಗರು ನೋಡ್ತಾರ."

"ಇಲ್ಲದ ಆದಾಯ ತೋರಿಸೋಕೆ ಆಗಲ್ಲ."

ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಇದೊಳ್ಳೆ ಕತಿ ಆತಲ್ರಿ! ಮಂದಿ ಮುಚ್ಚಿಡಾಕ ಬಂದ್ರ ಬಯ್ತೀರಿ, ನಾ ತೋರ್ಸಾಕ ಬಂದ್ರೂ ಬ್ಯಾಡ ಅಂತೀರಿ."

ಮಾತು ನ್ಯಾಯವಾದದ್ದೇ. ಬಿಡಿಸಿ ಬಿಡಿಸಿ ಕೇಳಿದಾಗ, ಮಗ ಟ್ರ್ಯಾಕ್ಟರು ಬಾಡಿಗೆಗೆ ಹೊಡೆಯುವುದು ಗೊತ್ತಾಯಿತು. ಅದು ನಿಜವಾದ ಆದಾಯ. ಅದನ್ನಿಟ್ಟುಕೊಂಡು ಮಗನ ಹೆಸರಿನಲ್ಲಿ ರಿಟರ್ನ್ ಹಾಕಿದೆ. ತೆರಿಗೆ ಬರಲಿಲ್ಲ, ಆದರೆ ಫೈಲು ಆಯಿತು. ಅವರು ಆ ಹಾಳೆಯನ್ನು ಲಗ್ನಪತ್ರಿಕೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು.

ಆ ಭಾನುವಾರ ಹೊಸಬಾಳೆಯ ನಮ್ಮ ಮನೆಗೆ ಹೆಣ್ಣಿನ ತಂದೆಯೇ ಬಂದರು. ಅತ್ತೆ ಕೊಟ್ಟ ಬೆಲ್ಲದ ಕಾಫಿ ಕುಡಿದು, ಅತ್ತಿತ್ತ ನೋಡಿ, ನನ್ನ ಕಡೆ ಬಗ್ಗಿದರು.

"ಗಂಡಿನ ಕಡೆಯವರ ರಿಟರ್ನ್ ಹಾಕಿದ್ದು ನೀನೇ ಅಂತಲ್ಲ ಮಾರಾಯ್ತಿ. ಅವರದ್ದು ಎಷ್ಟು ಅಂತ ನೀ ಹೇಳುದು ಬ್ಯಾಡ. ಅದು ತಪ್ಪಾಗ್ತದೆ."

ಎಂಥ ದೊಡ್ಡ ಮನುಷ್ಯರು ಅಂತ ಮನಸ್ಸು ತುಂಬಿಬಂತು. ಅವರು ಲೋಟ ಕೆಳಗಿಟ್ಟು ಮಾತು ಮುಗಿಸಿದರು: "ನಮ್ಮದು ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಇರ್ಲಿ, ಅಷ್ಟೇ."

೩. ಹತ್ತಕ್ಕೆ ಎಂಟು

ಈಗ ಮಾವನ ರಿಟರ್ನು. ಅವರು ಹಳೆಯ ತೆರಿಗೆ ಪದ್ಧತಿಯೇ ಇರಲಿ ಅಂತ ಬ್ಯಾಂಕಿಗೆ ಬರೆದುಕೊಟ್ಟಿದ್ದರಿಂದ ಪಿಂಚಣಿಯಲ್ಲಿ ತೆರಿಗೆ ಮುರಿದಿತ್ತು. ಹನ್ನೆರಡು ಲಕ್ಷದ ತನಕ ತೆರಿಗೆ ಇಲ್ಲದ ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ಅವರು ಕಟ್ಟಬೇಕಾದದ್ದು ಏನೂ ಇಲ್ಲ, ಎಲ್ಲವೂ ವಾಪಸ್ ಬರಬೇಕು.

ಸಲ್ಲಿಸುವ ಮೊದಲು ಪ್ರಿಂಟ್ ತೆಗೆದು ಮುಂದಿಟ್ಟೆ. ಮಾವ ಜಗಲಿಯಲ್ಲಿ ಕೂತು ಕೆಂಪು ಪೆನ್ನು ಹಿಡಿದರು. ನಾನು ಎದುರಿಗೆ ಕೈಕಟ್ಟಿ ನಿಂತಿದ್ದೆ. ಬ್ಯಾಂಕ್ ಖಾತೆ ಸಂಖ್ಯೆಯನ್ನು ಪಾಸ್‌ಬುಕ್ ಇಟ್ಟುಕೊಂಡು ಬಾಯಿಬಿಟ್ಟು ಓದಿದರು. ಪ್ರತಿ ಸಾಲಿಗೂ ಸರಿ ಗುರುತು ಹಾಕಿದರು. ಕೊನೆಯ ಪುಟದ ಮೂಲೆಯಲ್ಲಿ ಹತ್ತಕ್ಕೆ ಎಂಟು ಅಂತ ಬರೆದು ಸುತ್ತು ಹಾಕಿದರು.

"ಎಲ್ಲಾ ಸರಿ ಇದೆಯಲ್ಲ ಮಾವ, ಎರಡು ಯಾಕೆ ಕಡಿಮೆ?"

"ಹತ್ತಕ್ಕೆ ಹತ್ತು ಕೊಟ್ರೆ ಮಕ್ಕಳು ಓದುದು ಬಿಡ್ತಾರೆ."

ಒಳಗಿಂದ ಅತ್ತೆ ಕೂಗಿ ಹೇಳಿದರು: "ನೀ ಬೇಜಾರು ಮಾಡ್ಕಬ್ಯಾಡ ಮಗಾ. ನನ್ನ ಅಡುಗೆಗೆ ಇಷ್ಟು ವರ್ಷದಲ್ಲಿ ಆರು ದಾಟಿಲ್ಲ."

೪. ಪ್ರೊಸೆಸ್ ಆಗ್ತಾ ಇದೆ

ರೀಫಂಡು ಬೇಗ ಬರಲಿಲ್ಲ. ನಿಯಮ ಬದಲಾದ ವರ್ಷ, ಪರಿಶೀಲನೆ ನಿಧಾನ. ದಸರಾ ಹತ್ತಿರ ಬರುತ್ತಿತ್ತು, ನೋಡಿಟ್ಟ ಕೋಣೆ ಕೈತಪ್ಪುವ ಹಾಗಿತ್ತು. ಅದು ಸಾಲದು ಅಂತ ಮಾವ, "ನಮ್ಮ ಸೊಸೆ ದಿಲ್ಲಿಯಿಂದ ದುಡ್ಡು ವಾಪಸ್ ತರಿಸ್ತಿದಾಳೆ" ಅಂತ ಊರಿಗೆಲ್ಲ ಹೇಳಿಬಿಟ್ಟಿದ್ದರು. ಅವರಿಗೆ ಹೆಮ್ಮೆ, ನನಗೆ ಪೀಕಲಾಟ.

ಹಾಲಿನ ಡೈರಿಯ ಕಾರ್ಯದರ್ಶಿ ದಿನಾ ಬೆಳಿಗ್ಗೆ ಕೇಳುತ್ತಿದ್ದ: "ಮೇಷ್ಟ್ರೇ, ಬಂತನಾ?"

ಏನು ಹೇಳಬೇಕು ಅಂತ ಮಾವ ನನ್ನನ್ನು ಕೇಳಿದರು. ವೆಬ್‌ಸೈಟಿನಲ್ಲಿ ಏನು ತೋರಿಸುತ್ತದೋ ಅದನ್ನೇ ಹೇಳಿಕೊಟ್ಟೆ. ಮರುದಿನ ಮಾವ ಡೈರಿಯಲ್ಲಿ ಗಂಭೀರವಾಗಿ, "ಪ್ರೊಸೆಸ್ ಆಗ್ತಾ ಇದೆ" ಅಂದರು. ಆ ಮಾತಿನ ಗತ್ತು ಊರಿಗೆ ಹಿಡಿಸಿಬಿಟ್ಟಿತು. ಕರೆಂಟ್ ಯಾವಾಗ ಬರ್ತದೆ ಅಂದರೆ ಲೈನ್‌ಮನ್, "ಪ್ರೊಸೆಸ್ ಆಗ್ತಾ ಇದೆ" ಅಂದ. ಅಂಬ್ಲಿಗೊಳ ಜಲಾಶಯದ ನೀರು ಯಾವಾಗ ಬಿಡ್ತಾರೆ ಅಂದರೂ ಅದೇ ಉತ್ತರ. ಸಾಲ ಕೊಟ್ಟವರು ಬಂದರೆ ಸಾಲ ತಗೊಂಡವರ ಬಾಯಲ್ಲೂ ಅದೇ.

ಒಂದು ಮಧ್ಯಾಹ್ನ ಮಾವ ಹಸಿದು ಬಂದು, "ಊಟ ಆಯ್ತನೇ?" ಅಂತ ಒಳಗೆ ಕೂಗಿದರು. ಅತ್ತೆ ಒಲೆಯ ಮುಂದಿನಿಂದ ಏಳಲೇ ಇಲ್ಲ. "ಪ್ರೊಸೆಸ್ ಆಗ್ತಾ ಇದೆ. ಕೂತ್ಕಳಿ."

೫. ಬಂದ ಮೇಲೆ

ಕೊನೆಗೊಂದು ದಿನ ಶಿಕಾರಿಪುರದ ಆಫೀಸಿನಲ್ಲಿ ಕೂತು ನೋಡುತ್ತೇನೆ, ರೀಫಂಡು ಖಾತೆಗೆ ಜಮಾ ಆಗಿದೆ! ಆಗಿಯೂ ಕೆಲವು ದಿನ ಕಳೆದಿದೆ. ಪೇಡೆ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಮಾವ ಯಾಕೆ ಹೇಳಲಿಲ್ಲ ಅಂತ ದಾರಿಯುದ್ದಕ್ಕೂ ಯೋಚನೆ.

ಮನೆಗೆ ಬಂದರೆ ಮಾವ ಜಗಲಿಯ ಮೂಲೆಯಲ್ಲಿ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದಾರೆ. ಅತ್ತೆ ಬಾಗಿಲಲ್ಲೇ ಪಿಸುಗುಟ್ಟಿದರು: "ಇವರಿಗೆ ಊಟ ಸೇರ್ತಿಲ್ಲ. ಕೇಳಿದ್ರೆ ಹೇಳುದಿಲ್ಲ."

"ಮಾವ, ದುಡ್ಡು ಬಂದಿದೆಯಲ್ಲ?" ಅಂದೆ.

"ಬಂದಿದೆ" ಅಂದರು. ದನಿ ತಗ್ಗಿಸಿ ಹೇಳಿದರು: "ನಿಂಗೆ ಹೇಳಬಾರದು ಅಂತ ಇದ್ದೆ. ನೀ ಹೇಳಿದ್ದಕ್ಕಿಂತ ಜಾಸ್ತಿ ಬಂದಿದೆ. ಲೆಕ್ಕ ತಪ್ಪಿದೆ ಮಗಾ."

ಪೇಡೆಯ ಪೊಟ್ಟಣ ಕೆಳಗಿಟ್ಟು ಅವರ ಎದುರು ಕೂತೆ.

"ನನ್ನ ಸರ್ವಿಸ್ಸಲ್ಲಿ ನೋಡಿದೀನಿ. ಹೆಚ್ಚಿಗೆ ಸಂಬಳ ಕೊಟ್ಟುಬಿಡ್ತಾರೆ, ಆಮೇಲೆ ಆಡಿಟ್‌ನವರು ಬಂದು ರಿಕವರಿ ಹಾಕ್ತಾರೆ. ಎಂಥೆಂಥ ಮೇಷ್ಟ್ರುಗಳು ತಲೆ ತಗ್ಗಿಸಿದ್ದಾರೆ. ನಾಳೆ ನೀ ಬೋರ್ಡು ಹಾಕುವವಳು, ನಿನ್ನ ಮೇಲೆ ಆಡಿಟ್ ಬರಬಾರದು. ಅದಕ್ಕೆ ಹೆಚ್ಚಿಗೆ ಬಂದದ್ದನ್ನ ನಾನೇ ಬ್ಯಾಂಕಿಗೆ ಹೋಗಿ ಸರ್ಕಾರಕ್ಕೆ ವಾಪಸ್ ಕಟ್ಟಿ ಬಂದೆ. ಯಾರಿಗೂ ಗೊತ್ತಿಲ್ಲ. ನೀನೂ ಸುಮ್ಮನಿದ್ದುಬಿಡು."

ನನಗೆ ಒಮ್ಮೆಲೇ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. "ಮಾವ, ಅದು ತಪ್ಪಲ್ಲ, ಬಡ್ಡಿ! ದುಡ್ಡು ಕೊಡೋದು ತಡವಾಗಿದ್ದಕ್ಕೆ ಸರ್ಕಾರ ಸೇರಿಸಿ ಕೊಟ್ಟ ಬಡ್ಡಿ."

ಮಾವ ನನ್ನನ್ನೇ ನೋಡಿದರು. "ಸರ್ಕಾರ? ನಮಗೆ? ಬಡ್ಡಿ? ನನ್ನ ಬಾಕಿ ಸಂಬಳ ವರ್ಷಗಟ್ಟಲೆ ಇಟ್ಕೊಂಡ್ರು, ಬಿಡಿಗಾಸು ಬಡ್ಡಿ ಕೊಡ್ಲಿಲ್ಲ!"

"ಬ್ಯಾಂಕಿನವರು ಏನೂ ಹೇಳಲಿಲ್ವಾ?"

"ಕೌಂಟರಲ್ಲಿದ್ದವ ನನ್ನ ಹಳೇ ವಿದ್ಯಾರ್ಥಿ. ಎಂತದೋ ಹೇಳ್ಲಿಕ್ಕೆ ಬಾಯಿ ತೆಗೆದ. ಮಧ್ಯೆ ಮಾತಾಡಬೇಡ ಅಂದೆ. ಎದ್ದು ನಿಂತು ಚಲನ್ ತುಂಬಿಕೊಟ್ಟ."

ನಾನು ಚಲನ್ ನೋಡಿದೆ. ದುಡ್ಡು ಈ ವರ್ಷದ ಮುಂಗಡ ತೆರಿಗೆಯಾಗಿ ಹೋಗಿತ್ತು. "ಈ ವರ್ಷವೂ ನಿಮಗೆ ತೆರಿಗೆ ಬರಲ್ಲ ಮಾವ. ಮುಂದಿನ ಸಲ ಇದೂ ವಾಪಸ್ ಬರುತ್ತೆ."

"ಬಡ್ಡಿ ಸೇರಿಸಿ?"

"ಬಡ್ಡಿ ಸೇರಿಸಿ."

"ಅದು ಹೇಗೆ ಸರಿ? ತಪ್ಪು ಮಾಡಿದವ ನಾನು, ಅವರೆಂತಕ್ಕೆ ಬಡ್ಡಿ ಕೊಡಬೇಕು? ಅದನ್ನ ನಾನು ಕಟ್ಟಿಬಿಡ್ತೀನಿ."

"ಕಟ್ಟಿದರೆ ಅದೂ ವಾಪಸ್ ಬರುತ್ತೆ!"

ಅತ್ತೆ ಪೇಡೆಯ ಪೊಟ್ಟಣ ಬಿಚ್ಚಿ ಇಬ್ಬರ ಬಾಯಿಗೂ ಒಂದೊಂದು ತುರುಕಿದರು. ಆವತ್ತು ಮಾವ ಎರಡು ಸಲ ಅನ್ನ ಹಾಕಿಸಿಕೊಂಡರು.

ದಸರಾಕ್ಕೆ ಮುಂಚೆಯೇ ಸೊರಬದ ಕೋಣೆಗೆ ಬೋರ್ಡು ಬಂತು. ಮಾವ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಸ್ಟೂಲು ಹತ್ತಿ, ಕೊಟ್ಟ ಮಾತಿನಂತೆ ತಾವೇ ಮೊಳೆ ಹೊಡೆದರು. ನನ್ನ ಹೆಸರು ಓರೆಯಾಗಬಾರದು ಅಂತ ಮೂರು ಸಲ ಇಳಿದು ದೂರದಿಂದ ನೋಡಿ ಬಂದರು. ನಾನು ಕೆಳಗೆ ನಿಂತು ಸ್ಟೂಲು ಹಿಡಿದಿದ್ದೆ. ನನ್ನ ಮದುವೆಯ ದಿನವೂ ನಾನು ಅಷ್ಟು ಹೆಮ್ಮೆಪಟ್ಟವಳಲ್ಲ, ಇದನ್ನು ನನ್ನ ಗಂಡ ಓದಿದರೂ ಚಿಂತೆಯಿಲ್ಲ.

ಹೊಸಬಾಳೆಯಿಂದ ಡೈರಿಯ ಕಾರ್ಯದರ್ಶಿಯೂ ಬಂದಿದ್ದ. ರೀಫಂಡಿನ ಕತೆ ಅವನಿಗೂ ಮುಟ್ಟಿತ್ತು. "ಮೇಷ್ಟ್ರೇ, ಬಂದಿದ್ದೇನೋ ಬಂತು. ಮುಂದಿನ ವರ್ಷ ಸೊಸೆ ಆಫೀಸಿಗೆ ಗಿರಾಕಿ ಬರ್ತಾರನಾ?" ಅಂತ ಕೆಣಕಿದ.

ಮಾವ ಸ್ಟೂಲಿನ ಮೇಲಿಂದಲೇ ಸುತ್ತಿಗೆ ಎತ್ತಿ ಹೇಳಿದರು:

"ನಾನೊಬ್ಬ ಸಾಕಲ್ಲ! ಅವರು ಕೊಡುದು ಬಿಡುದಿಲ್ಲ, ನಾನು ವಾಪಸ್ ಕಟ್ಟುದು ಬಿಡುದಿಲ್ಲ. ನಾನೋ ಸರ್ಕಾರವೋ, ಇಬ್ಬರಲ್ಲಿ ಒಬ್ಬರು ಸೋಲುವ ತನಕ ನಮ್ಮ ಸೊಸೆ ಈ ಬಾಗಿಲು ಹಾಕುವ ಹಾಗೇ ಇಲ್ಲ!"